ಚಂದ್ರನಷ್ಟು ದೂರದ ಶಕ್ತಿನಗರ

ಖಡಕ್ ರೊಟ್ಟಿಯನ್ನು ದೇವದುರ್ಗದಿಂದ ಶಕ್ತಿನಗರಕ್ಕೆ ಒಡೆಯದೆ ಮುಟ್ಟಿಸುವುದು, ಚಂದ್ರನ ಮೇಲೆ ಯಂತ್ರ ಇಳಿಸುವುದು, ಎರಡೂ ಒಂದೇ ಜಾತಿಯ ಕೆಲಸ ಎಂದು ನಾನು ಹೇಳಿದರೆ ನೀವು ನಗುತ್ತೀರಿ. ನಗಿರಿ, ನಾನೂ ನಕ್ಕವಳೇ. ಆದರೆ ಈಗ ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಸಂತೆಯಲ್ಲಿ, ಗಿರಣಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಯಾರು ಸಿಕ್ಕರೂ ಹಿಡಿದು ನಿಲ್ಲಿಸಿ ಹೇಳುತ್ತಿದ್ದೇನೆ. ಹಾಗೆ ಹಿಡಿದವರಲ್ಲಿ ಅರ್ಧ ಮಂದಿ "ಬಸ್ ಬಂತು ಯವ್ವಾ" ಎಂದು ತಪ್ಪಿಸಿಕೊಂಡು ಹೋದರು. ಕಾಗದವಾದರೆ ಎದ್ದು ಹೋಗುವುದಿಲ್ಲ, ಅದಕ್ಕೆ ಬರೆಯಲು ಕುಳಿತೆ.

ನಾನು ಶಾಲೆಗೆ ಹೋದದ್ದು ಎರಡನೆಯ ತರಗತಿಯವರೆಗೆ. ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಬರೆಯುವಾಗ ಒತ್ತಕ್ಷರ ಬಂದರೆ ಮೊಮ್ಮಗಳನ್ನು ಕರೆಯುತ್ತೇನೆ. ಈ ಬರಹದಲ್ಲಿ ಒತ್ತುಗಳು ಅವಳವು, ಮಾತು ನನ್ನದು. ನೀವು ಚಹಾ ಅಂಗಡಿ ಇಟ್ಟಿರಬಹುದು, ಹೊಲಿಗೆ ಮಷಿನ್ ಇಟ್ಟಿರಬಹುದು, ಎರಡು ಎಮ್ಮೆ ಕಟ್ಟಿ ಹಾಲು ಮಾರುತ್ತಿರಬಹುದು. ದೊಡ್ಡದೊಂದು ಮಾಡಬೇಕು ಎಂಬ ಆಸೆ ಹೊಟ್ಟೆಯೊಳಗೆ ಇದ್ದರೆ ಇದು ನಿಮಗೆ.

ದೇವದುರ್ಗದಲ್ಲಿ ನಮ್ಮದೊಂದು ತಗಡಿನ ಶೆಡ್ಡು ಇದೆ. ಆರು ಒಲೆ, ಹನ್ನೊಂದು ಹೆಂಗಸರು. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ ಬಡಿದು, ಬೇಯಿಸಿ, ಬಿದಿರಿನ ತಟ್ಟಿಯ ಮೇಲೆ ಒಣಗಿಸಿ ಖಡಕ್ ಮಾಡಿ ಮಾರುತ್ತಿದ್ದೆವು. ದಿನಕ್ಕೆ ನಾಲ್ಕು ನೂರು. ಮದುವೆ ಮನೆಯವರು ಒಯ್ಯುತ್ತಿದ್ದರು, ಊರಿನ ಎರಡು ಅಂಗಡಿಯವರು ಒಯ್ಯುತ್ತಿದ್ದರು. ಇಪ್ಪತ್ತು ವರ್ಷ ಹೀಗೇ ನಡೆದಿತ್ತು, ಹೀಗೇ ನಡೆಯುತ್ತದೆ ಎಂದುಕೊಂಡಿದ್ದೆ. ಅಷ್ಟರಲ್ಲಿ ನನ್ನ ಮಗನ ಮಗಳು ರಾಯಚೂರಿನ ಕಾಲೇಜಿನಲ್ಲಿ ವಿಜ್ಞಾನದ ಪದವಿ ಮುಗಿಸಿ ಬಂದಳು. "ಮುಂದೇನು ಮಾಡ್ತೀಯವ್ವಾ?" ಎಂದು ಕೇಳಿದೆ. "ರೊಟ್ಟಿ ಮಾಡ್ತೀನಜ್ಜಿ" ಎಂದಳು. ನನ್ನನ್ನು ಆಡಿಸುತ್ತಿದ್ದಾಳೆ ಅಂದುಕೊಂಡೆ. ಮರುದಿನ ಬೆಳಗ್ಗೆ ನನಗಿಂತ ಮೊದಲು ಬಂದು ಒಲೆ ಹೊತ್ತಿಸಿದ್ದಳು.

ಈ ಹುಡುಗಿಗೆ ಆಕಾಶದ ಹುಚ್ಚು ಚಿಕ್ಕಂದಿನಿಂದ. ಹತ್ತನೆಯ ತರಗತಿಯಲ್ಲಿದ್ದಾಗ ನಮ್ಮ ದೇಶದವರು ಚಂದ್ರನಿಗೆ ಕಳಿಸಿದ ಯಂತ್ರ ಇನ್ನೇನು ಇಳಿಯಬೇಕು ಅನ್ನುವಾಗ ಬಿದ್ದುಹೋಯಿತು. ಆ ದಿನ ಇವಳು ಉಣ್ಣಲಿಲ್ಲ. ನಾಲ್ಕು ವರ್ಷ ಬಿಟ್ಟು ಮತ್ತೊಂದನ್ನು ಕಳಿಸಿದರು. ಅದು ಇಳಿಯುವ ಸಂಜೆ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟಳು. ನಾವೆಲ್ಲ ಹಿಟ್ಟಿನ ಕೈಯಲ್ಲೇ ಸುತ್ತ ಕುಳಿತೆವು. ಇಳಿಯಿತು! ಚಪ್ಪಾಳೆ ಹೊಡೆದು ಹೊಡೆದು ಶೆಡ್ಡಿನ ತುಂಬ ಹಿಟ್ಟಿನ ಹೊಗೆ. ಹಂಚಿನ ಮೇಲಿದ್ದ ಮೂರು ರೊಟ್ಟಿ ಕರ್ರಗಾಗಿದ್ದವು, ಯಾರಿಗೂ ವಾಸನೆ ಸಹ ಬಂದಿರಲಿಲ್ಲ.

ಇರಲಿ, ಈಗ ಶಕ್ತಿನಗರಕ್ಕೆ ಬರುತ್ತೇನೆ. ಅಲ್ಲಿ ಕರೆಂಟು ತಯಾರಿಸುವ ದೊಡ್ಡ ಕಾರ್ಖಾನೆ ಇದೆ. ಸುತ್ತಮುತ್ತ ಗುತ್ತಿಗೆ ಕೆಲಸಗಾರರು ಸಾವಿರಗಟ್ಟಲೆ. ಅವರಿಗೆ ಮೂರು ಪಾಳಿಯಲ್ಲಿ ಊಟ ಹಾಕುವ ಒಂದು ಖಾನಾವಳಿಯ ಮಾಲೀಕರು ನಮ್ಮೂರಿನ ಮದುವೆಗೆ ಬಂದಿದ್ದರು. ಪುಂಡಿಪಲ್ಯದ ಜೊತೆ ನಮ್ಮ ರೊಟ್ಟಿ ಕಟಕಟ ಕಡಿದು, ಯಾರು ಮಾಡಿದ್ದು ಎಂದು ಕೇಳಿಕೊಂಡು ಶೆಡ್ಡಿಗೇ ಬಂದರು.

"ದಿನಾ ಎರಡು ಸಾವಿರ ಬೇಕ್ರಿ ಅಮ್ಮಾರ. ಇಡೀ ರೊಟ್ಟಿ ಬೇಕು, ನುಚ್ಚು ಬ್ಯಾಡ. ಮೊದಲು ಒಂದು ಗಾಡಿ ಕಳಿಸಿ ತೋರಸ್ರಿ."

ಆಗುವುದಿಲ್ಲ ಎಂದು ಹೇಳಲು ನಾನು ಬಾಯಲ್ಲಿದ್ದ ಎಲೆ-ಅಡಿಕೆ ಒಂದು ಬದಿಗೆ ಸರಿಸುತ್ತಿದ್ದೆ. ಅಷ್ಟರಲ್ಲಿ ಮೊಮ್ಮಗಳು "ಕಳಸ್ತೀವ್ರಿ" ಅಂದೇಬಿಟ್ಟಳು.

ಅವರು ಹೋದ ಮೇಲೆ ಬೈದೆ. "ಲೇ ಹುಡುಗಿ, ನಾಕ್ನೂರು ಬಡಿಯೋ ಕೈಯಾಗ ಎರಡು ಸಾವಿರ ಹ್ಯಾಂಗ ಬರ್ತಾವ? ಆರ್ನೂರು ಅನ್ನಬೇಕಿತ್ತು. ಒಂದೀಟು ಹೆಚ್ಚು."

"ಅಜ್ಜಿ, ಒಂದೀಟು ಹೆಚ್ಚು ಅಂದ್ರ ನಾವು ಇದ್ದಂಗ ಇರ್ತೀವಿ, ಒಂದೀಟು ಜೋರು ಓಡಾಡ್ತೀವಿ ಅಷ್ಟ. ಎರಡು ಸಾವಿರ ಅಂದ್ರ ಎಲ್ಲಾ ಹೊಸದಾಗಿ ವಿಚಾರ ಮಾಡಬೇಕಾಗ್ತದ. ಚಂದ್ರನ ಮ್ಯಾಲ ಹೋಗ್ತೀವಿ ಅಂದೋರು ಉದ್ದಂದೊಂದು ಏಣಿ ಮಾಡ್ಲಿಲ್ಲ."

ನಾನು ಎಲೆ-ಅಡಿಕೆ ನುಂಗಿಬಿಟ್ಟೆ.

ನಮ್ಮಲ್ಲಿ ರೊಟ್ಟಿ ಒಣಗಿಸಿ ಬುಟ್ಟಿಗೆ ತುಂಬುವ ಕೆಲಸ ಅರಕೇರಾದ ಒಬ್ಬ ಹೆಂಗಸಿನದು. ಅವಳನ್ನು ಎಲ್ಲರೂ ಅರಕೇರಾದಾಕಿ ಎಂದೇ ಕರೆಯುತ್ತೇವೆ. ಮಾತು ಕಡಿಮೆ, ಕೈ ಚುರುಕು. ಪ್ರತಿ ವರ್ಷ ಹೊಲದ ಕೆಲಸ ಮುಗಿದ ಮೇಲೆ ಗಂಡನ ಜೊತೆ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದಳು. ಮಗಳನ್ನೂ ಒಯ್ಯಬೇಕು. ಆ ಕೂಸು ಮೂರು ವರ್ಷದಲ್ಲಿ ಮೂರು ಸಲ ಶಾಲೆ ಬಿಟ್ಟಿತ್ತು. ಶಕ್ತಿನಗರದ ಮಾತು ಕೇಳಿದ ಮೇಲೆ ಅವಳು ಒಂದು ದಿನ ನನ್ನ ಮುಂದೆ ಬಂದು ನಿಂತಳು.

"ಯವ್ವಾ, ಈ ಎರಡು ಸಾವಿರದ್ದು ಖರೇನ?"

"ಖರೇ ಆಗ್ತದ. ಯಾಕ?"

"ಖರೇ ಇದ್ರ ಮೇಸ್ತ್ರಿಗೆ ಬರಾಂಗಿಲ್ಲ ಅಂತೀನಿ. ಮಗಳನ್ನ ಇಲ್ಲೇ ಸಾಲಿಗೆ ಹಾಕ್ತೀನಿ."

ಹಾಕಿಯೂ ಹಾಕಿದಳು. ಗಂಡ ಒಬ್ಬನೇ ಬೆಂಗಳೂರಿಗೆ ಹೋದ. ಮೇಸ್ತ್ರಿ ಮಾತ್ರ, ಒಂದು ತಿಂಗಳು ನೋಡುತ್ತೇನೆ, ಅಷ್ಟರಲ್ಲಿ ಬಂದರೆ ಜಾಗ ಉಂಟು ಎಂದು ಹೇಳಿದ್ದನಂತೆ. ಅಂದರೆ ನಮ್ಮ ಗಾಡಿ ಸರಿಯಾಗಿ ಮುಟ್ಟಿದರೆ ಆ ಕೂಸು ಶಾಲೆಯಲ್ಲಿ, ಮುಟ್ಟದಿದ್ದರೆ ಬೆಂಗಳೂರಿನ ಮರಳಿನ ಗುಡ್ಡೆಯ ಮೇಲೆ. ಇದು ನಮ್ಮೆಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ.

ಮೊದಲನೆಯ ಗಾಡಿಯ ಕಥೆ ಹೇಳಲು ನನಗೆ ಈಗಲೂ ಮುಖ ಸಣ್ಣದಾಗುತ್ತದೆ. ಮೂರು ದಿನ ಬಡಿದು ಎರಡು ಸಾವಿರ ಕೂಡಿಸಿದೆವು. ಕಡೆಯ ಐದು ನೂರು ಆ ದಿನ ಬೆಳಗ್ಗೆ ಬೇಯಿಸಿದವು. ಜನ ಛೋಟಾ ಹಾಥಿ ಎನ್ನುವ ಸಣ್ಣ ಸಾಮಾನು ಗಾಡಿ ಬಾಡಿಗೆಗೆ ಬಂತು. ಅದರ ಮಾಲೀಕನೂ ಡ್ರೈವರೂ ಒಬ್ಬನೇ, ನಮ್ಮ ಓಣಿಯ ಭಾಯಿ. ನಾನು ಗಾಡಿಗೆ ಕುಂಕುಮ ಹಚ್ಚಿದೆ, ಊದಿನಕಡ್ಡಿ ಬೆಳಗಿದೆ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ, ಕಾಯಿ ಒಡೆದೆ. ಗಾಡಿ ಹೊರಟಾಗ ಅರಕೇರಾದಾಕಿ ಬಾಗಿಲಿಗೆ ಬಂದು ಕೈ ಎತ್ತಿದ್ದನ್ನು ನೋಡಿದೆ. ಹೋಗಿ ಬರ್ರಿ ಅನ್ನುತ್ತಿದ್ದಾಳೆ ಎಂದುಕೊಂಡು ನಾನೂ ಕೈ ಎತ್ತಿದೆ.

ಶಕ್ತಿನಗರದಲ್ಲಿ ಬುಟ್ಟಿ ಬಿಚ್ಚಿದರೆ ಮೇಲಿನವು ಚೂರು ಚೂರು. ಕೆಳಗಿನವು ಹಸಿಯಾಗಿ ಒಂದಕ್ಕೊಂದು ಮೆತ್ತಿಕೊಂಡಿವೆ. ಜೊತೆಗೆ ಹೋಗಿದ್ದ ಮೊಮ್ಮಗಳ ಕೈಯಲ್ಲಿ ಆ ಮಾಲೀಕರು ಒಂದು ಮುದ್ದೆಯನ್ನು ಇಟ್ಟು, "ತಂಗಿ, ನಾ ಕೇಳಿದ್ದು ರೊಟ್ಟಿ" ಎಂದರಂತೆ. ಅಷ್ಟೇ ಹೇಳಿ ಸುಮ್ಮನಾಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಹದಿನೈದು ದಿನ ಬಿಟ್ಟು ಇನ್ನೊಂದು ಸಲ ನೋಡುತ್ತೇನೆ, ಅದೂ ಹೀಗೇ ಆದರೆ ರಾಯಚೂರಿನಲ್ಲಿ ಮಷಿನ್ ರೊಟ್ಟಿಯವರಿದ್ದಾರೆ ಎಂದು ಕೂಡಿಸಿದರಂತೆ.

ನನಗೆ ಸಿಟ್ಟು ನೆತ್ತಿಗೇರಿತ್ತು. ಯಾರು ಹಸಿ ರೊಟ್ಟಿ ತುಂಬಿದ್ದು, ಯಾರು ಬುಟ್ಟಿ ಸಡಿಲ ಕಟ್ಟಿದ್ದು, ಹೆಸರು ಹೇಳಿರಿ ಎಂದು ಕೂಗಾಡಿದೆ. ಮೊಮ್ಮಗಳು ಒಂದು ಸೀಮೆಸುಣ್ಣ ತಂದು ಗೋಡೆಯ ಹತ್ತಿರ ನಿಂತಳು.

"ಅಜ್ಜಿ, ಯಾರು ಅಂತ ಕೇಳಿದ್ರ ಯಾರೂ ಹೇಳಾಂಗಿಲ್ಲ. ಏನಾತು ಅಂತ ಕೇಳೋಣು. ಚಂದ್ರನ ಮ್ಯಾಲ ಮೊದಲನೇದು ಬಿತ್ತಲ್ಲ, ಅವರು ಅದನ್ನ ಮುಚ್ಚಿ ಇಡಲಿಲ್ಲ. ಎಲ್ಲೆಲ್ಲಿ ತಪ್ಪಬಹುದು ಅಂತ ಕುಂತು ಹುಡುಕಿದ್ರು. ಎರಡನೇದಕ್ಕ ಕಾಲು ಗಟ್ಟಿ ಮಾಡಿದ್ರು, ಎಣ್ಣಿ ಹೆಚ್ಚು ತುಂಬಿದ್ರು, ಇಳಿಯೋ ಜಾಗ ದೊಡ್ಡದು ಇಟ್ಟುಕೊಂಡ್ರು."

"ನಮ್ಮ ರೊಟ್ಟಿಗೆ ಕಾಲು ಎಲ್ಲಿವ ಬೇ?" ಎಂದು ಒಬ್ಬಳು ಅಂದಳು. ಎಲ್ಲರೂ ನಕ್ಕರು. ನಕ್ಕ ಮೇಲೆ ಮಾತು ಹೊರಬಂತು. ನನ್ನ ಕೂಗಾಟದಿಂದ ಬಾರದ್ದು ಆ ನಗೆಯಿಂದ ಬಂತು, ಇದನ್ನು ನಾನು ಮರೆಯುವುದಿಲ್ಲ.

ಬುಟ್ಟಿಯ ಬದಿಯಲ್ಲಿ ಎರಡು ಬೆರಳು ಸಂದು ಇತ್ತು, ಗಾಡಿ ಕುಲುಕಿದಾಗ ರೊಟ್ಟಿ ಜಾರಿ ಬಡಿದುಕೊಂಡವು ಎಂದು ಒಬ್ಬಳು. ಒಬ್ಬೊಬ್ಬರ ಕೈಯ ರೊಟ್ಟಿ ಒಂದೊಂದು ಅಗಲ, ದೊಡ್ಡದರ ಮೇಲೆ ಸಣ್ಣದು ಕುಳಿತರೆ ಅಂಚು ಒಡೆಯುತ್ತದೆ ಎಂದು ಮತ್ತೊಬ್ಬಳು. ಎಲ್ಲವೂ ಗೋಡೆಯ ಮೇಲೆ ಬಂತು. ಹಸಿ ರೊಟ್ಟಿಯ ವಿಷಯ ಮಾತ್ರ ಯಾರೂ ಎತ್ತಲಿಲ್ಲ.

ಮೂರನೆಯ ದಿನ ಅರಕೇರಾದಾಕಿ ನನ್ನ ಪಕ್ಕದಲ್ಲಿ ಕುಳಿತು, ಹಿಟ್ಟು ಜರಡಿ ಹಿಡಿಯುತ್ತ, ಮುಖ ನೋಡದೆ ಹೇಳಿದಳು.

"ಕಡೀ ಐದು ನೂರು ಒಣಗಿದ್ದಿಲ್ಲ ಯವ್ವಾ. ನಂಗ ಗೊತ್ತಿತ್ತು. ನಡು ಬಾಗತಿದ್ವು."

"ಗೊತ್ತಿದ್ದು ಯಾಕ ಹೇಳಲಿಲ್ಲ?"

"ಹೇಳಾಕ ಬಂದೆ. ಅಷ್ಟೊತ್ತಿಗೆ ಗಾಡಿ ಹೊಂಟಿತ್ತು. ಹೊಂಟ ಗಾಡೀನ ಹಿಂದಿಂದ ಹ್ಯಾಂಗ ಕರೀಲಿ?"

ಶುಭಕಾರ್ಯಕ್ಕೆ ಹೊರಟವರನ್ನು ಹಿಂದಿನಿಂದ ಕರೆಯಬಾರದು, ಅದು ಅಪಶಕುನ. ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೆ. ಅದರಲ್ಲೂ ನಮ್ಮ ಶೆಡ್ಡಿನಲ್ಲಿ ಅದನ್ನು ನಡೆಸಿದವಳು ನಾನೇ. ಹಿಂದೆ ಒಬ್ಬಳು "ಉಪ್ಪಿನ ಡಬ್ಬಿ ಮರತ್ರಿ" ಎಂದು ಹಿಂದಿನಿಂದ ಕೂಗಿದ್ದಕ್ಕೆ ಒಂದು ವಾರ ಅವಳ ಜೊತೆ ಮಾತು ಬಿಟ್ಟವಳು ನಾನು. ಅವಳು ಕೈ ಎತ್ತಿದ್ದು ಹೋಗಿ ಬರ್ರಿ ಎಂದಲ್ಲ, ನಿಲ್ಲಿಸಿರಿ ಎಂದು. ನಾನು ನೋಡಿ ನಕ್ಕು ಕೈ ಬೀಸಿದ್ದೆ. ಐದು ನೂರು ರೊಟ್ಟಿ ಮೆತ್ತಗಾದದ್ದು ನನ್ನ ಮಾತಿನಿಂದ.

ಮೊಮ್ಮಗಳಿಗೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ.

"ಅಜ್ಜಿ, ಮೊದಲನೇ ಯಂತ್ರ ಹಾರಿಸೋ ದಿನ ಏನಾತು ಗೊತ್ತದೇನು? ಒಂದು ತಾಸಿಗಿಂತಾ ಕಡಿಮಿ ಉಳದಿತ್ತು. ಮಂದಿ ಎಲ್ಲಾ ನೋಡಾಕ ಕುಂತಿದ್ರು. ಏನೋ ಸರಿ ಇಲ್ಲ ಅಂತ ತಿಳೀತು, ಎಣಿಸೋದನ್ನ ನಿಲ್ಸೇ ಬಿಟ್ರು. ಸರಿ ಮಾಡಿ ಒಂದು ವಾರ ಬಿಟ್ಟು ಹಾರಿಸಿದ್ರು, ಚಂದ್ರನತನಕ ಚಂದಾಗಿ ಹೋತು. ಕಡೀಕ ಇಳಿಯೋವಾಗ ಬಿದ್ದದ್ದು ಬ್ಯಾರೆ ತಪ್ಪಿಗೆ. ನಿಲ್ಸಿದ್ದು ಅಪಶಕುನ ಆಗಲಿಲ್ಲ."

"ಹಂಗಾರ ಈಗೇನು ಅಂತಿ?"

"ನಿಂಬಿಹಣ್ಣು ಒಡದಿರಲಿ, ಚಕ್ರ ತಿರುಗಿರಲಿ, ತಪ್ಪು ಕಂಡೋರು ಯಾರರ ಇರಲಿ, ನಿಲ್ಸ್ರಿ ಅನ್ನಬೇಕು. ಇದನ್ನ ನಾ ಹೇಳಿದ್ರ ನಡಿಯಾಂಗಿಲ್ಲ. ನೀ ಹೇಳಬೇಕು."

ಆ ದಿನವೆಲ್ಲ ಹಿಟ್ಟು ನಾದುತ್ತ ನಾನು ಅದನ್ನೇ ತಿರುವಿ ಹಾಕಿದೆ. ನನ್ನ ಅವ್ವ, ಅವಳ ಅವ್ವ ಎಲ್ಲರೂ ನಡೆಸಿಕೊಂಡು ಬಂದದ್ದು. ಎಪ್ಪತ್ತು ದಾಟಿದ ಮೇಲೆ ಬಿಡು ಎಂದರೆ ಸುಲಭವಲ್ಲ. ಸುಮ್ಮನೆ ತಲೆಯಾಡಿಸಬಹುದಿತ್ತು, ಆದರೆ ನಾನು ನಂಬದೆ ಹೇಳಿದರೆ ಹೆಂಗಸರು ನನ್ನ ಮುಖ ನೋಡಿಯೇ ತಿಳಿದುಕೊಳ್ಳುತ್ತಾರೆ. ಆ ದಿನ ಸಂಜೆ ಅರಕೇರಾದಾಕಿಯ ಮಗಳು ಶಾಲೆಯಿಂದ ಬಂದು ಶೆಡ್ಡಿನ ಮೆಟ್ಟಿಲ ಮೇಲೆ ಕುಳಿತು ಮಗ್ಗಿ ಹೇಳುತ್ತಿದ್ದಳು. ಕೇಳುತ್ತ ಕುಳಿತೆ. ಬೆಳಗ್ಗೆ ಎಲ್ಲರನ್ನೂ ಕರೆದು ನನ್ನ ಬಾಯಿಂದಲೇ ಹೇಳಿದೆ. "ಇವತ್ತಿಂದ ಈ ಶೆಡ್ಡಿನಾಗ ಹಿಂದಿಂದ ಕರಿಯೋದು ಅಪಶಕುನ ಅಲ್ಲ. ನೋಡಿ ಸುಮ್ನಿರೋದು ಅಪಶಕುನ. ಬೈದ್ರ ನನ್ನ ಬೈರಿ." ಇದು ಮಾತಿಗೆ ಮಾತ್ರವೋ ನಿಜವೋ ಎಂದು ನೋಡುವ ದಿನ ಬರಬೇಕಿತ್ತು.

ಉಳಿದ ಹನ್ನೆರಡು ದಿನ ನಾವು ಮಾಡಿದ್ದನ್ನು ನೋಡಿದ್ದರೆ ನೀವು ಈ ಮುದುಕಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದಿರಿ. ಅಳತೆಗೆ ಒಂದು ಸ್ಟೀಲ್ ತಾಟು ಇಟ್ಟೆವು, ರೊಟ್ಟಿ ಅದಕ್ಕಿಂತ ದೊಡ್ಡದೂ ಇಲ್ಲ ಸಣ್ಣದೂ ಇಲ್ಲ. ನಲವತ್ತು ವರ್ಷ ರೊಟ್ಟಿ ಬಡಿದ ಕೈಯವರು ಮುನಿಸಿಕೊಂಡರು. "ನಮ್ಮ ಕೈಗೆ ತಾಟಿನ ಪಾಠ ಹೇಳ್ತಿಯೇನ ತಂಗಿ?" ಎಂದು ಒಬ್ಬಳು ಎದ್ದೇ ಹೋದಳು. ಮರುದಿನ ಬಂದು, ಎಲ್ಲರಿಗಿಂತ ಸರಿಯಾಗಿ ಬಡಿದು ತೋರಿಸಿ, ತಾಟನ್ನು ಮೊಮ್ಮಗಳ ಮುಂದೆ ಟಣ್ ಎಂದು ಇಟ್ಟಳು.

ಕಾಲಿನ ಪ್ರಶ್ನೆಗೂ ಉತ್ತರ ಸಿಕ್ಕಿತು, ಅದು ನನಗೇ ಹೊಳೆದದ್ದು, ಅದಕ್ಕೆ ಸ್ವಲ್ಪ ಜಂಬದಿಂದ ಹೇಳುತ್ತೇನೆ. ತಲೆಯ ಮೇಲೆ ಕೊಡ ಹೊರುವಾಗ ಕೆಳಗೆ ಸಿಂಬಿ ಇಟ್ಟುಕೊಳ್ಳುತ್ತೇವಲ್ಲ, ಬಟ್ಟೆ ಸುತ್ತಿದ ಬಳೆಯಂಥದ್ದು. ನಾವು ಎಷ್ಟು ಜೋರು ನಡೆದರೂ ನೀರು ತುಳುಕುವುದಿಲ್ಲ. ಇಪ್ಪತ್ತೈದು ರೊಟ್ಟಿಗೊಂದು ಸಿಂಬಿ ಇಟ್ಟರೆ? ಮಾನ್ವಿ ಕಡೆ ಭತ್ತದ ಹುಲ್ಲಿಗೆ ಬರವಿಲ್ಲ. ಭಾಯಿ ಒಂದು ಗಾಡಿ ತಂದ. ಹುಲ್ಲು ತಿರುಚಿ, ಮೇಲೆ ಹಳೆಯ ಸೀರೆಯ ಬಟ್ಟೆ ಸುತ್ತಿ ಸಿಂಬಿ ಮಾಡಿದೆವು. ಮೊಮ್ಮಗಳು ಒಂದನ್ನು ಒತ್ತಿ ನೋಡಿ, "ಅಜ್ಜಿ, ನಮ್ಮ ಯಂತ್ರಕ್ಕ ಕಾಲು ಬಂದ್ವು!" ಎಂದು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಸೊಂಟ ಎರಡು ದಿನ ನೋವಾಯಿತು, ಆದರೂ ಅದರಷ್ಟು ಸಂತೋಷ ಬೇರೆ ಇಲ್ಲ.

ಆಕಾಶಕ್ಕೆ ಕಳಿಸುವ ಯಂತ್ರವನ್ನು ಮೊದಲು ನೆಲದ ಮೇಲೇ ಅಲ್ಲಾಡಿಸಿ ನೋಡುತ್ತಾರಂತೆ, ದಾರಿಯಲ್ಲಿ ಆಗುವುದಕ್ಕಿಂತ ಹೆಚ್ಚು ಕುಲುಕಿ. ನಾವು ಬುಟ್ಟಿ ಹೇರಿ ಕಾಲುವೆ ದಂಡೆಯ ಕೆಟ್ಟ ರಸ್ತೆಗೆ ಹೋದೆವು. ಹಿಂದೆ ಬುಟ್ಟಿಗಳ ನಡುವೆ ನಾನೇ ಕುಳಿತೆ. ಎಲ್ಲಿ ಸಪ್ಪಳ ಬರುತ್ತದೆ ಎಂದು ಕೇಳಬೇಕಿತ್ತು, ನನ್ನ ಕಿವಿ ಇನ್ನೂ ಚೆನ್ನಾಗಿದೆ.

"ಅಮ್ಮಾ, ಮೆಲ್ಲಕ ಹೋಗ್ಲಾ?" ಎಂದು ಭಾಯಿ ಮುಂದಿನಿಂದ ಕೂಗಿದ.

"ಮೆಲ್ಲಕ ಯಾಕ? ತಗ್ಗು ನೋಡಿ ನೋಡಿ ಹಾಕು!"

"ಯಾ ಅಲ್ಲಾ! ಹದಿನೆಂಟು ವರ್ಸ ಗಾಡಿ ಹೊಡದೀನಿ, ತಗ್ಗಿಗೆ ಹಾಕು ಅಂದ ಪಾರ್ಟಿ ನೀವು ಒಬ್ರೇ ನೋಡ್ರಿ."

ಆಮೇಲೆ ಮಾನ್ವಿಯ ಒಂದು ಅಂಗಡಿಗೆ ಇನ್ನೂರು ರೊಟ್ಟಿ ಕಳಿಸಿ ನೋಡಿದೆವು. ಒಡೆದದ್ದು ನಾಲ್ಕು. ನೇರ ಚಂದ್ರನಿಗೆ ಹಾರುವ ಮೊದಲು ಭೂಮಿಯನ್ನೇ ಸುತ್ತಿ ಸುತ್ತಿ ದೂರ ಹೋದರಂತೆ. ಹಾಗೆಯೇ ಮಾನ್ವಿ ನಮಗೆ. ದೊಡ್ಡ ಗುರಿ ಇಟ್ಟುಕೊಂಡವರು ಸಣ್ಣ ಊರನ್ನು ಬಿಟ್ಟು ಹಾರಬಾರದು ಎಂದು ನಾನು ಅಲ್ಲಿ ಕಲಿತೆ. ಎಣ್ಣೆ ಹೆಚ್ಚು ತುಂಬಿದಂತೆ ನೂರು ರೊಟ್ಟಿ ಹೆಚ್ಚಿಗೆ ಇಡುವುದೆಂದೂ ತೀರ್ಮಾನವಾಯಿತು. ಒಣಗಲು ತಟ್ಟಿಯ ಮೇಲೆ ನಾಲ್ಕು ತಾಸು ಬಿಡದೆ ಯಾವ ರೊಟ್ಟಿಯೂ ಬುಟ್ಟಿಗೆ ಹೋಗಬಾರದು ಎಂದು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆವು.

ಎರಡನೆಯ ಗಾಡಿಯ ದಿನ ಬಂತು. ಹಿಂದಿನ ದಿನ ಇಬ್ಬರು ಜ್ವರ ಎಂದು ಬಂದಿರಲಿಲ್ಲ, ಇನ್ನೂರು ರೊಟ್ಟಿ ಕಡಿಮೆ ಬಿದ್ದವು. ಮೊಮ್ಮಗಳು ಬೆಳಗಿನ ಜಾವ ಎದ್ದು ಎರಡು ಒಲೆ ಹಚ್ಚಿ ಇನ್ನಿಬ್ಬರ ಜೊತೆ ಬಡಿದಳು. ಹನ್ನೊಂದು ಗಂಟೆಗೆ ಶಕ್ತಿನಗರ ಮುಟ್ಟಬೇಕು ಎಂಬ ಅವಸರ. ತಾನೇ ಬರೆದ ನಾಲ್ಕು ತಾಸನ್ನು ತಾನೇ ಮರೆತು, ಆ ಇನ್ನೂರನ್ನು ತಾನೇ ತುಂಬಿಬಿಟ್ಟಳು. ಅರಕೇರಾದಾಕಿ ಆಗ ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸಲು ಹೋಗಿದ್ದಳು.

ನಾನು ಭಾಯಿಯ ಪಕ್ಕದ ಸೀಟಿನಲ್ಲಿ ಕುಳಿತೆ, ಮೊಮ್ಮಗಳು ಹಿಂದೆ. ನಿಂಬೆಹಣ್ಣು ಪಚ್ ಎಂದಿತು. ಗಾಡಿ ಓಣಿಯ ತುದಿಯ ಬೇವಿನ ಮರ ದಾಟಿತು.

"ನಿಲ್ಸ್ರಿ! ಗಾಡಿ ನಿಲ್ಸ್ರಿ!"

ಹಿಂದಿನಿಂದ. ಭಾಯಿ ಬ್ರೇಕು ಒತ್ತಿದ, ಆದರೆ ಹೂವಿನ ಮೇಲೆ ಕಾಲಿಟ್ಟ ಹಾಗೆ, ರೊಟ್ಟಿ ಒಡೆದಾವೆಂದು. ಕನ್ನಡಿಯಲ್ಲಿ ನೋಡಿದರೆ ಅರಕೇರಾದಾಕಿ ಸೆರಗು ಜಾರಿದ್ದರ ಪರಿವೆ ಇಲ್ಲದೆ ಓಡಿ ಬರುತ್ತಿದ್ದಾಳೆ.

"ಅಯ್ಯಯ್ಯ, ಹೊಂಟ ಗಾಡೀಗಿ ಹಿಂದಿಂದ ಒದರ್ಯಾಳ! ಮುಗೀತು ಇವರ ಕೆಲಸ" ಎಂದು ಕಟ್ಟೆಯ ಮೇಲೆ ಕುಳಿತ ಮುದುಕಿಯೊಬ್ಬಳು ಅಂದಳು. ಆ ಮಾತು ನನ್ನ ನಾಲಿಗೆಯ ತುದಿಯಲ್ಲೂ ಇತ್ತು, ಸುಳ್ಳು ಹೇಳುವುದಿಲ್ಲ.

ಅರಕೇರಾದಾಕಿ ಬಂದು ಗಾಡಿಯ ಕಿಟಕಿ ಹಿಡಿದು ನಿಂತಳು. "ಯವ್ವಾ... ತಟ್ಟಿ ಇನ್ನಾ ಬೆಚ್ಚಗ ಅದ. ಅದರ ಮ್ಯಾಲಿನ ರೊಟ್ಟಿ ಬುಟ್ಟ್ಯಾಗ ಹೋಗ್ಯಾವ. ಒಳಗ ಬೆವರ್ತಾವ. ಎಲ್ಲಾ ಕೆಡಸ್ತಾವ."

ಈ ಕೆಲಸ ಹೋದರೆ ಎಲ್ಲರಿಗಿಂತ ಹೆಚ್ಚು ಹೋಗುವುದು ಅವಳದು. ತಡವಾಗಿ ಖಾನಾವಳಿಯವರು ಬೇಡ ಎಂದರೆ, ನಿಲ್ಲಿಸಿದ ಅಪವಾದವೂ ಅವಳದೇ. ಅದೆಲ್ಲ ಗೊತ್ತಿದ್ದೇ ಓಡಿ ಬಂದಿದ್ದಳು. ನಾನು ಇಳಿದೆ. ಕಟ್ಟೆಯ ಮುದುಕಿಗೆ ಕೇಳಲೆಂದೇ ಜೋರಾಗಿ, "ಚಲೋ ಆತು ಕೂಗಿದ್ದು. ನನ್ನ ಕಡಿಂದ ಇದು ನಿಂಗ ಆಶೀರ್ವಾದ" ಎಂದು ಅವಳ ತಲೆಯ ಮೇಲೆ ಕೈ ಇಟ್ಟೆ.

ಮೊಮ್ಮಗಳು ಹಿಂದಿನಿಂದ ಜಿಗಿದು ಇಳಿದಿದ್ದಳು. ಮುಖ ಕೆಂಪಾಗಿತ್ತು. "ನಾನೇ ತುಂಬಿದ್ದು ಅಕ್ಕಾ. ನಂದೇ ತಪ್ಪು" ಎಂದಳು. ಮಾತು ಅಲ್ಲಿಗೇ ಮುಗಿಯಿತು. ಅಳಲಿಲ್ಲ, ಕಾರಣ ಹೇಳಲಿಲ್ಲ. ಆ ಇನ್ನೂರನ್ನು ತೆಗೆದು ಹೋದರೆ ನೂರು ಕಡಿಮೆಯಾಗುತ್ತಿತ್ತು. ಕಡಿಮೆ ಒಯ್ಯುವುದಕ್ಕಿಂತ ತಡವಾಗಿ ಒಯ್ಯುವುದು ಮೇಲು ಎಂದು ಅಲ್ಲೇ ನಿಂತು ಖಾನಾವಳಿಗೆ ಫೋನು ಮಾಡಿದಳು.

"ಸಾವ್ಕಾರ್ರ, ಒಂದು ತಾಸು ತಡ ಆಗ್ತದ್ರಿ. ಹನ್ನೆರಡಕ್ಕ ಬರ್ತೀವಿ. ಹನ್ನೆರಡು ದಾಟಿದ್ರ ನೀವು ಬ್ಯಾಡ ಅನ್ನಬಹುದು."

ಆ ಕಡೆಯಿಂದ ಬಂದ ಗೊಣಗಾಟ ನಮಗೂ ಕೇಳಿಸಿತು. ಹನ್ನೆರಡೂವರೆಗೆ ಪಂಕ್ತಿ ಕೂಡುತ್ತದೆ, ಅದರೊಳಗೆ ಬಾರದಿದ್ದರೆ ಗಾಡಿ ತಿರುಗಿಸಿಕೊಂಡು ಹೋಗಿರಿ ಎಂದು.

ನಾಲ್ಕು ತಾಸು ಒಣಗಿಸಬೇಕಾದ್ದನ್ನು ಒಂದು ತಾಸಿನಲ್ಲಿ ಮಾಡಬೇಕು. ಓಣಿಯೇ ಶೆಡ್ಡಾಯಿತು. ನುಲಿಯ ಹೊರಸು ಮಂಚ ತಂದರು, ಮೇಲೆ ಬಿಳಿ ಪಂಚೆ ಹಾಸಿದರು, ಒಂದೊಂದೇ ರೊಟ್ಟಿ ಬಿಸಿಲಿಗೆ ಹರವಿದರು. ಭಾಯಿಯ ಹೆಂಡತಿ ತನ್ನ ಮನೆಯ ಎರಡು ಟೇಬಲ್ ಫ್ಯಾನು ತಂದು ವೈರು ಎಳೆದಳು. ಕಟ್ಟೆಯ ಮುದುಕಿ ಸಹ ಮೊರ ಹಿಡಿದು ಗಾಳಿ ಹಾಕಲು ಕುಳಿತಳು, ಬೈಯುತ್ತಲೇ. ರಾಯಚೂರಿನ ಬಿಸಿಲನ್ನು ಜೀವಮಾನವೆಲ್ಲ ಬೈದವಳು ನಾನು, ಆ ದಿನ ಕೈ ಮುಗಿದೆ. ಅರಕೇರಾದಾಕಿ ಒಂದೊಂದನ್ನೂ ಅಂಗೈ ಮೇಲೆ ಇಟ್ಟು, ಬೆರಳಿನಿಂದ ನಡುವೆ ತಟ್ಟಿ, ಸಪ್ಪಳ ಕೇಳಿ ಬುಟ್ಟಿಗೆ ಇಟ್ಟಳು. ಒಂಬತ್ತನ್ನು ಬೇಡ ಎಂದು ಬದಿಗೆ ಸರಿಸಿದಳು. ಆಮೇಲೆ ಹಿಂದೆ ಸರಿದು ನಿಂತು, "ಹೋಗ್ರಿ" ಎಂದಳು.

"ಈಗ ಜೋರು ಹೊಡಿ ಅನ್ನಬ್ಯಾಡ್ರಿ ಅಮ್ಮಾ. ಒಡದ್ರ ನನ್ನ ಮ್ಯಾಲ ಹಾಕ್ತೀರಿ" ಎಂದ ಭಾಯಿ. ಗಬ್ಬೂರು ದಾಟಿದೆವು. ರಾಯಚೂರಿನಲ್ಲಿ ರಸ್ತೆಯ ಪ್ರತಿ ಉಬ್ಬಿಗೂ ಅವನು ಗಾಡಿಯನ್ನು ಮಗುವನ್ನು ಎತ್ತಿ ಇಳಿಸಿದ ಹಾಗೆ ಇಳಿಸಿದ. ಹಿಂದಿನವರು ಹಾರ್ನ್ ಬಾರಿಸಿ ಬಾರಿಸಿ ಸಾಕಾದರು. ಶಕ್ತಿನಗರದ ಉದ್ದನೆಯ ಚಿಮಣಿಗಳು ಕಂಡಾಗ ನಾನು ಮಾತು ನಿಲ್ಲಿಸಿದೆ, ಭಾಯಿ ಅದನ್ನು ನೋಡಿ ಹೆದರಿದ.

ಹನ್ನೆರಡಕ್ಕೆ ಐದು ನಿಮಿಷ ಇತ್ತು. ಮಾಲೀಕರು ತಾವೇ ಬುಟ್ಟಿ ಬಿಚ್ಚಿದರು. ಮೇಲಿನ ಸಿಂಬಿ ಎತ್ತಿ, ಏನಿದು ಎಂಬಂತೆ ತಿರುಗಿಸಿ ನೋಡಿ, ಬದಿಗಿಟ್ಟರು. ಎಲ್ಲ ಬುಟ್ಟಿ ಬಿಚ್ಚಿ ನೋಡಿದಾಗ ಒಡೆದದ್ದು ಇಪ್ಪತ್ತಮೂರು. ಹೆಚ್ಚಿಗೆ ಇಟ್ಟದ್ದರಲ್ಲಿ ಅವನ್ನೆಲ್ಲ ಕಳೆದರೂ ಎರಡು ಸಾವಿರದ ಮೇಲೆ ಉಳಿದವು. ಅವರು ಬೇಕೆಂತಲೇ ತಳದ ಬುಟ್ಟಿಯ ತಳಕ್ಕೆ ಕೈ ಹಾಕಿ ಒಂದು ರೊಟ್ಟಿ ಎಳೆದು, ಕಿವಿಯ ಹತ್ತಿರ ಹಿಡಿದು ಮುರಿದರು. ಕಟಕ್!

"ಖಡಕ್ ಅದ" ಎಂದರು. ಆಮೇಲೆ, "ತಡ ಯಾಕಾತು?" ಎಂದು ಕೇಳಿದರು.

ಮೊಮ್ಮಗಳು ಬೇರೇನಾದರೂ ಹೇಳಬಹುದಿತ್ತು. ಟೈರು ಪಂಕ್ಚರ್ ಎಂದರೆ ಯಾರು ಕೇಳುತ್ತಿದ್ದರು? ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು, ತಾನು ಬಿಸಿ ರೊಟ್ಟಿ ತುಂಬಿದ್ದನ್ನೂ ಒಬ್ಬಾಕೆ ಹಿಂದೆ ಓಡಿ ಬಂದು ನಿಲ್ಲಿಸಿದ್ದನ್ನೂ. ಅವರು ರೊಟ್ಟಿ ಕಡಿಯುತ್ತ ಕೇಳಿದರು.

"ನನ್ನ ಅಡಗಿಮನ್ಯಾಗ ಇಪ್ಪತ್ತು ಮಂದಿ ಅದಾರ. ಸಾರಿಗೆ ಉಪ್ಪು ಹೆಚ್ಚಾಗಿದ್ರ ಒಬ್ನೂ ಹೇಳಾಂಗಿಲ್ಲ, ಬಡಿಸಿ ಬಿಡ್ತಾರ. ಸೋಮವಾರದಿಂದ ಶುರು ಮಾಡ್ರಿ. ಆ ಅಮ್ಮಾರು ಇರೋತನಕ ನನಗ ಚಿಂತಿಲ್ಲ."

ಶುರು ಮಾಡಿದೆವು. ಈಗ ಒಲೆ ಹದಿನಾಲ್ಕು, ಹೆಂಗಸರು ಇಪ್ಪತ್ತೆರಡು. ನನ್ನ ಮೊಮ್ಮಗಳು ಇನ್ನೂ ಏನೇನೋ ಹೇಳುತ್ತಾಳೆ, ಹೈದರಾಬಾದ್ ಅನ್ನುತ್ತಾಳೆ, ನಾನು ಎಲೆ-ಅಡಿಕೆ ಮೊದಲೇ ಉಗುಳಿ ಕೇಳುತ್ತೇನೆ. ದೊಡ್ಡ ಗುರಿ ಇಡಲು ಓದು ಬೇಕಾಗಿಲ್ಲ, ಹಣವೂ ಮೊದಲ ದಿನ ಬೇಕಾಗಿಲ್ಲ ಎಂದು ಈಗ ಧೈರ್ಯವಾಗಿ ಹೇಳುತ್ತೇನೆ. ಆದರೆ ನಿಮ್ಮ ಅಂಗಡಿಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವರು ಯಾರೋ ಅವರ ಬಾಯಿಂದ "ನಿಲ್ಸ್ರಿ" ಎಂಬ ಮಾತು ಬರುವಂತಿರಬೇಕು. ಬಂದಾಗ ನೀವು ಗಾಡಿಯಿಂದ ಇಳಿಯಬೇಕು. ಅದು ಎರಡು ಸಾವಿರ ರೊಟ್ಟಿ ಬಡಿಯುವುದಕ್ಕಿಂತ ಕಷ್ಟ, ನಾನು ಎರಡನ್ನೂ ಮಾಡಿದ್ದೇನೆ.

ತಿಂಗಳು ತುಂಬಿದ ದಿನ ಮೇಸ್ತ್ರಿಯ ಫೋನು ಬಂತು. ಅರಕೇರಾದಾಕಿಯ ಕೈಯಲ್ಲಿ ಸಿಂಬಿ ಇತ್ತು, ಫೋನನ್ನು ಭುಜ-ಕಿವಿಯ ನಡುವೆ ಒತ್ತಿಕೊಂಡಳು. ನಾನು ಹಿಟ್ಟು ನಾದುವುದನ್ನು ನಿಲ್ಲಿಸಿ ಕೇಳಿದೆ, ಎಲ್ಲರೂ ಕೇಳಿದರು.

"ಇಲ್ರೀ ಯಣ್ಣಾ, ಬರಾಂಗಿಲ್ಲ. ಮಗಳ ಪರೀಕ್ಷಿ ಅದ... ಹೂಂ... ಅಲ್ರೀ, ನಾ ಹೆಂಗ ಬಿಟ್ಟು ಬರ್ಲಿ? ಇಲ್ಲಿ ನಾ ಹೋಗ್ರಿ ಅಂದ್ರನ ಗಾಡಿ ಹೋಗ್ತದ."